ಜ್ವರ ಬಂದವರಿಗೆ ಮನೆಯಲ್ಲಿರುವ ಅವಕಾಶ ಬೇಕು

2021ರ ಜುಲೈ 26ರಂದು ರಾಜ್ಯದ ಕಾಲೇಜುಗಳು ಮತ್ತೆ ತೆರೆದಾಗ, ಒಳಗೆ ಬರುವವರು ಕನಿಷ್ಠ ಒಂದು ಡೋಸ್ ಲಸಿಕೆ ಪಡೆದಿರಬೇಕೆಂಬ ಷರತ್ತಿತ್ತು. ಅದಕ್ಕೂ ಮೊದಲು, 2020ರ ನವೆಂಬರ್ 17ರಂದು ತೆರೆದಾಗ, ಆರ್‌ಟಿ-ಪಿಸಿಆರ್ ನೆಗೆಟಿವ್ ವರದಿಯನ್ನೂ ಪೋಷಕರ ಒಪ್ಪಿಗೆ ಪತ್ರವನ್ನೂ ಕೇಳಿದ್ದರು. ಇವೆಲ್ಲ ಗೇಟಿನಲ್ಲಿ ನೋಡಿ ಒಳಗೆ ಬಿಡುವ ಕಾಗದಗಳು. ಬೇರೆ ಕಾಲೇಜುಗಳ ಮಾತು ಹೇಗೋ, ಬಿ.ಇಡಿ. ಕಾಲೇಜಿಗೆ ಇಷ್ಟು ಸಾಲದು ಎಂಬುದು ನನ್ನ ಅಭಿಪ್ರಾಯ.

ನಮ್ಮ ಆವರಣ ಗೇಟಿಗೆ ಮುಗಿಯುವುದಿಲ್ಲ. ನಮ್ಮ ಪ್ರಶಿಕ್ಷಣಾರ್ಥಿಗಳು ಬೆಳಿಗ್ಗೆ ಎದ್ದು ಶಿವಾಜಿನಗರ, ಹಲಸೂರು, ಇಂದಿರಾನಗರ, ಕೆ.ಆರ್. ಪುರದ ಶಾಲೆಗಳಿಗೆ ಹೋಗುತ್ತಾರೆ. ಅಲ್ಲಿ 2021ರ ಆಗಸ್ಟ್ 23ರಿಂದ 9 ಮತ್ತು 10ನೇ ತರಗತಿಗಳು, ಸೆಪ್ಟೆಂಬರ್ 6ರಿಂದ 6, 7, 8ನೇ ತರಗತಿಗಳು ನಡೆಯತೊಡಗಿದವು. ಆಗ ಆ ಮಕ್ಕಳ ವಯಸ್ಸಿನವರಿಗೆ ಲಸಿಕೆ ಇನ್ನೂ ಆರಂಭವಾಗಿರಲಿಲ್ಲ. ಲಸಿಕೆ ಪಡೆದವರಿಗೂ ಸೋಂಕು ತಗಲಬಹುದು, ಅವರಿಂದ ಬೇರೆಯವರಿಗೆ ಹರಡಲೂಬಹುದು. ಹಾಗಾಗಿ ನಮ್ಮ ಪ್ರಮಾಣಪತ್ರ ಕಾಯುವುದು ಮುಖ್ಯವಾಗಿ ನಮ್ಮನ್ನು. ಎದುರಿಗೆ ಕೂತ ಮಗುವನ್ನೂ ಅದರ ಮನೆಯ ಅಜ್ಜಿಯನ್ನೂ ಕಾಯುವುದು ಒಂದು ಸರಳ ಅಭ್ಯಾಸ: ಮೈ ಬೆಚ್ಚಗಿದ್ದರೆ, ಗಂಟಲು ಕೆರೆದರೆ, ಆ ದಿನ ಶಾಲೆಗೆ ಹೋಗದಿರುವುದು.

ಈ ಅಭ್ಯಾಸಕ್ಕೆ ಅಡ್ಡ ಬರುವುದು ಹಾಜರಿ ಪುಸ್ತಕ. ಎನ್‌ಸಿಟಿಇಯ 2014ರ ನಿಯಮಾವಳಿಯಂತೆ ಎರಡು ವರ್ಷದ ಬಿ.ಇಡಿ.ಯಲ್ಲಿ ಶಾಲಾ ಇಂಟರ್ನ್‌ಶಿಪ್ ಕನಿಷ್ಠ 20 ವಾರ. ಅದಕ್ಕೆ ಬೇಕಾದ ಹಾಜರಿ ಶೇ. 90. ಲೆಕ್ಕ ಹಾಕಿ ನೋಡಿ. ವಾರಕ್ಕೆ 6 ದಿನದಂತೆ 120 ದಿನ. ತಪ್ಪಿಸಿಕೊಳ್ಳಬಹುದಾದದ್ದು 12 ದಿನ. ಮನೆಯಲ್ಲೊಬ್ಬರಿಗೆ ಪಾಸಿಟಿವ್ ಬಂದು 14 ದಿನ ಕ್ವಾರಂಟೈನ್ ಆದರೆ ಭಾನುವಾರ ಕಳೆದು ಸರಿಯಾಗಿ 12 ದಿನ ಹೋಯಿತು. ಆಮೇಲೆ ತನಗೇ ಜ್ವರ ಬಂದರೆ ಆ ಪ್ರಶಿಕ್ಷಣಾರ್ಥಿ ಏನು ಮಾಡಬೇಕು? ಒಂದು ಪ್ಯಾರಾಸಿಟಮಾಲ್ ನುಂಗಿ, ಮಾಸ್ಕ್ ಬಿಗಿದು, ಬಸ್ ಹತ್ತುತ್ತಾಳೆ. ತಪ್ಪು ಅವಳದೆನ್ನಲು ನನಗೆ ಮನಸ್ಸಾಗದು. ಅವಳನ್ನು ಬಸ್ ಹತ್ತಿಸಿದ್ದು ನಮ್ಮ ವ್ಯವಸ್ಥೆ.

ಸಡಿಲ ಬಿಟ್ಟರೆ ಸುಳ್ಳು ಜ್ವರಗಳು ಹೆಚ್ಚುತ್ತವೆ ಎಂದು ಸಹೋದ್ಯೋಗಿಗಳು ಹೇಳುತ್ತಾರೆ. ಹೆಚ್ಚಬಹುದು. ಆದರೆ ನಾನು ಕೇಳುತ್ತಿರುವುದು ಪಾಠಗಳ ಸಂಖ್ಯೆಯಲ್ಲಿ ಕಡಿತವಲ್ಲ, ದಿನಗಳಲ್ಲಿ ಹೊಂದಾಣಿಕೆ. ವೇಳಾಪಟ್ಟಿಯ ಕೊನೆಗೆ ಎರಡು ವಾರ ಖಾಲಿ ಇಟ್ಟು, ತಪ್ಪಿದ ಪಾಠಗಳನ್ನು ಆಗ ಮಾಡಿಸೋಣ. ಆ ದಿನಗಳನ್ನು ಹಾಜರಿಗೆ ಸೇರಿಸಲು ವಿಶ್ವವಿದ್ಯಾಲಯಕ್ಕೆ ಪ್ರಾಂಶುಪಾಲರು ಈಗಲೇ ಬರೆಯಲಿ. ಸುಳ್ಳು ಹೇಳಿದವರಿಗೂ ಪಾಠ ತಪ್ಪುವುದಿಲ್ಲ.

ಶಾಲೆ ಹಂಚುವಾಗಲೂ ಯೋಚಿಸಬೇಕು. ಕೆ.ಆರ್. ಪುರದಲ್ಲಿ ಮನೆ ಇರುವವರು ಟಿನ್ ಫ್ಯಾಕ್ಟರಿಯ ನೂಕುನುಗ್ಗಲು ದಾಟಿ ಶಿವಾಜಿನಗರಕ್ಕೆ ಬರುವ ಅಗತ್ಯವೇನು? ಮನೆಗೆ ಹತ್ತಿರದ ಒಂದೇ ಶಾಲೆ ಕೊಟ್ಟು, ಮುಗಿಯುವವರೆಗೂ ಅಲ್ಲಿಯೇ ಇರಿಸೋಣ. ಹಿಂದಿನ ಬೆಂಚಿನಲ್ಲಿ ಏಳೆಂಟು ಸಹಪಾಠಿಗಳು ಕೂತು ಅವಲೋಕನ ಬರೆಯುವ ಪದ್ಧತಿಯನ್ನು ಈ ವರ್ಷ ಕೈಬಿಡೋಣ. ಒಬ್ಬ ಸಹಪಾಠಿ, ಒಬ್ಬ ಮಾರ್ಗದರ್ಶಿ ಸಾಕು. ಮಾರ್ಗದರ್ಶಿ ವರಾಂಡದಲ್ಲಿ ಕುರ್ಚಿ ಹಾಕಿಕೊಂಡರೂ ಪಾಠ ಕಾಣುತ್ತದೆ.

ಇನ್ನು ಕಿಟಕಿಯ ಮಾತು. ಈ ಸೋಂಕು ಗಾಳಿಯಲ್ಲಿ ಹರಡುತ್ತದೆಂಬುದನ್ನು ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಸ್ಪಷ್ಟವಾಗಿ ಒಪ್ಪಿಕೊಂಡಿತು. ಆದರೂ ರಸ್ತೆಬದಿಯ ಶಾಲೆಗಳಲ್ಲಿ ಬಸ್ಸಿನ ಹಾರ್ನ್‌ಗೆ ಹೆದರಿ ಕಿಟಕಿ ಮುಚ್ಚುವುದನ್ನು ನೋಡುತ್ತಿದ್ದೇನೆ. ತೆರೆದರೆ ಮಾಸ್ಕ್ ಹಾಕಿದ ಪ್ರಶಿಕ್ಷಣಾರ್ಥಿ ಕೂಗಬೇಕಾಗುತ್ತದೆ. ಕೂಗಿದಷ್ಟೂ ಉಸಿರಿನ ಹನಿಗಳು ಹೆಚ್ಚು. ಇದಕ್ಕೆ ಪರಿಹಾರ ಪಾಠಯೋಜನೆಯಲ್ಲೇ ಇದೆ. ಹತ್ತು ನಿಮಿಷಕ್ಕಿಂತ ಹೆಚ್ಚು ವಿವರಣೆ ಬೇಡ. ಕಪ್ಪುಹಲಗೆ, ಚಾರ್ಟು, ನೋಟ್‌ಪುಸ್ತಕದ ಕೆಲಸಕ್ಕೆ ಉಳಿದ ಸಮಯ ಕೊಡಿ. ನಾವು ಕೂಡ ಅವಲೋಕನ ಪಟ್ಟಿಯಲ್ಲಿ ದೊಡ್ಡ ಧ್ವನಿಗೆ ಅಂಕ ಕೊಡುವುದನ್ನು ಸದ್ಯಕ್ಕೆ ನಿಲ್ಲಿಸಬೇಕು.

ಒಂದೂವರೆ ವರ್ಷ ಸೂಕ್ಷ್ಮ ಬೋಧನೆಯನ್ನು ಮೊಬೈಲ್ ಪರದೆಯೆದುರು ಮಾಡಿಸಿದ್ದೇವೆ. ಮಕ್ಕಳಿಲ್ಲದೆ ಶಿಕ್ಷಕರನ್ನು ತಯಾರಿಸಲಾಗದು. ಆದ್ದರಿಂದ ಶಾಲೆಗೆ ಹೋಗಲೇಬೇಕು. ಹೋಗುವ ಮುನ್ನ, ಇಂಟರ್ನ್‌ಶಿಪ್ ಪೂರ್ವಸಿದ್ಧತಾ ಸಭೆಯಲ್ಲಿ ಪ್ರತಿ ಪ್ರಶಿಕ್ಷಣಾರ್ಥಿಯ ಕೈಗೂ ಪ್ರಾಂಶುಪಾಲರ ಸಹಿಯಿರುವ ಒಂದು ಪತ್ರ ಸಿಗಲಿ: ಜ್ವರವಿದ್ದ ದಿನ ಮುಖ್ಯ ಶಿಕ್ಷಕರಿಗೂ ಮಾರ್ಗದರ್ಶಿಗೂ ಫೋನ್ ಮಾಡಿ ಮನೆಯಲ್ಲಿರಿ, ನಿಮ್ಮ ಅಂಕ ಕಡಿತವಾಗುವುದಿಲ್ಲ ಎಂದು. ಬಾಯಿಮಾತಿನ ಭರವಸೆಯನ್ನು ಅವರು ನಂಬುವುದಿಲ್ಲ, ನಂಬಬೇಕಾಗಿಯೂ ಇಲ್ಲ.