ಜೀಪು ನಡುಗಿದರೆ ಮೊದಲು ಪರೀಕ್ಷೆ, ಆಮೇಲೆ ಖರ್ಚು

ಮಕ್ಕಳೇ, ಕೊಯಮತ್ತೂರು ಜಿಲ್ಲೆಯ ಆಳಿಯಾರಿನಿಂದ ವಾಲ್ಪಾರೈಗೆ ಹತ್ತುವಾಗ 40 ಹೇರ್‌ಪಿನ್ ತಿರುವು ಸಿಗುತ್ತವೆ. ಅಂಥ ಗುಡ್ಡಗಾಡಿನ ಮಣ್ಣುದಾರಿಗೆ ಹಳೆಯ ಡೀಸೆಲ್ ಜೀಪು ಹೇಳಿ ಮಾಡಿಸಿದ ಗಾಡಿ. ಆದರೆ ನಿಂತಲ್ಲೇ ಎಂಜಿನ್ ಗಡಗಡ ನಡುಗಿದರೆ? 'ಪಂಪು ಹೋಗಿದೆ, ಬದಲಾಯಿಸಿ' ಅಂತ ಯಾರೋ ಹೇಳಿಬಿಡ್ತಾರೆ. ಅದು ಬರೀ ಊಹೆ. ಊಹೆ ತಪ್ಪಾದರೆ ಬಾಡಿಗೆ ಓಡಿಸಿ ಬದುಕುವವರ ಸಾವಿರಾರು ರೂಪಾಯಿ ದಂಡ.

ಡೀಸೆಲ್ ಎಂಜಿನ್ನಿಗೆ ಸ್ಪಾರ್ಕ್ ಪ್ಲಗ್ ಇಲ್ಲ. ಬಲವಾಗಿ ಒತ್ತಿದ ಗಾಳಿ ಕಾಯುತ್ತದೆ. ಅದರೊಳಗೆ ಚಿಮ್ಮಿದ ಡೀಸೆಲ್ ತಾನೇ ಹೊತ್ತಿಕೊಳ್ಳುತ್ತದೆ. ಎಂಜಿನ್ ನಿಮಿಷಕ್ಕೆ 800 ಸುತ್ತು ತಿರುಗಿದರೆ ಪ್ರತಿ ಸಿಲಿಂಡರಿನಲ್ಲೂ 400 ಸಲ ಹೀಗಾಗಬೇಕು. ನಾಲ್ಕರಲ್ಲಿ ಒಂದು ಸೋತರೂ ತಾಳ ತಪ್ಪುತ್ತದೆ.

ಒಳ್ಳೆಯ ಮೆಕ್ಯಾನಿಕ್ ಮೊದಲು ಸುಲಭದ್ದನ್ನೇ ನೋಡ್ತಾರೆ: ಫಿಲ್ಟರ್ ಕಟ್ಟಿದೆಯೇ, ಡೀಸೆಲ್ ಪೈಪಿನೊಳಗೆ ಗಾಳಿ ಸೇರಿದೆಯೇ? ಆಮೇಲೆ ಇಂಜೆಕ್ಟರ್ ಪೈಪಿನ ನಟ್ಟನ್ನು ಒಂದೊಂದಾಗಿ ಸಡಿಲಿಸಿ, ಮತ್ತೆ ಬಿಗಿಯುತ್ತಾರೆ. ಸಡಿಲಿಸಿದಾಗ ಎಂಜಿನ್ ಇನ್ನಷ್ಟು ಕುಂಟಿದರೆ ಆ ಸಿಲಿಂಡರ್ ಕೆಲಸ ಮಾಡ್ತಿದೆ. ಏನೂ ವ್ಯತ್ಯಾಸವಿಲ್ಲವೇ? ಕಳ್ಳ ಸಿಕ್ಕ! ಅಲ್ಲಿನ ಇಂಜೆಕ್ಟರನ್ನು ಪಕ್ಕದ ಸಿಲಿಂಡರಿಗೆ ಹಾಕಿ ನೋಡುತ್ತಾರೆ. ದೋಷವೂ ಜೊತೆಗೇ ಹೋದರೆ ಇಂಜೆಕ್ಟರಿನದೇ ತಪ್ಪು. ಅಲ್ಲೇ ಉಳಿದರೆ ವಾಲ್ವ್, ಪಿಸ್ಟನ್ ರಿಂಗ್, ಪಂಪುಗಳ ಕಡೆ ಹುಡುಕಬೇಕು.

ನೀವಾಗಿ ಮಾತ್ರ ಮುಟ್ಟಬೇಡಿ. ಆ ಡೀಸೆಲ್ ಚರ್ಮವನ್ನೇ ತೂರುವಷ್ಟು ರಭಸದಿಂದ ಚಿಮ್ಮುತ್ತದೆ. ದೂರ ನಿಂತು ನೋಡಿ, ಬರೆದುಕೊಳ್ಳಿ.

ಒಂದು ಸಲಕ್ಕೆ ಒಂದೇ ಬದಲಾವಣೆ, ಆಮೇಲೆ ತೀರ್ಮಾನ. ಪ್ರಯೋಗ ಅಂದರೆ ಇದೇ. ಅದಕ್ಕೇ ಹೇಳ್ತೀನಿ: ನಿಮ್ಮ ಪ್ರಯೋಗದ ಪುಸ್ತಕದಲ್ಲಿ ಊರಿನ ವರ್ಕ್‌ಶಾಪಿಗೂ ಒಂದು ಪುಟ ಇರಲಿ.