ಒತ್ತಕ್ಷರ ಮುರಿದವರು ಯಾರು?

ಗ್ರೇಟರ್ ನೋಯ್ಡಾದಲ್ಲಿ ಅಚ್ಚಾದ ನಮ್ಮ ರಾಜ್ಯೋತ್ಸವದ ಬ್ಯಾನರಿನಲ್ಲಿ ಒತ್ತಕ್ಷರಗಳೆಲ್ಲ ಕಳಚಿ ಬಿದ್ದಿದ್ದವು. ‘ಪ್ರೆಸ್ಸಿನವನಿಗೆ ಕನ್ನಡವೆಂದರೆ ತಾತ್ಸಾರ’ ಎಂದು ಎಲ್ಲರೂ ಗುಡುಗಿದೆವು. ಇದು ಅನ್ಯಾಯ, ಬಾಂಧವರೇ! ತಪ್ಪು ನಮ್ಮದು.

ವೆಕ್ಟರ್ ಫೈಲಿನ ಗೆರೆ ಎಷ್ಟು ಹಿಗ್ಗಿಸಿದರೂ ಕೆಡದು, ನಿಜ. ಆದರೆ ಅದರೊಳಗಿನ ಅಕ್ಷರ ಅಲ್ಲಿನ ಕಂಪ್ಯೂಟರಿನಲ್ಲಿ ತನ್ನ ಫಾಂಟನ್ನು ಹುಡುಕುತ್ತದೆ. ನುಡಿ, ಬರಹಗಳ ಹಳೆಯ ಫಾಂಟು ಅಲ್ಲಿಲ್ಲದಿದ್ದರೆ ಬರುವುದು ಅರ್ಥವಿಲ್ಲದ ಚಿಹ್ನೆ. ಯೂನಿಕೋಡ್ ಆದರೂ, ಕನ್ನಡದ ಜೋಡಣೆ ಅರಿಯದ ತಂತ್ರಾಂಶದಲ್ಲಿ ಒತ್ತು ಬೇರೆ, ಅಕ್ಷರ ಬೇರೆ. ಲಗತ್ತುಗಳಿಲ್ಲದ ಫೈಲನ್ನು ನಾವು ಗುಮಾಸ್ತರು ಸಾಹೇಬರಿಗೆ ಕಳಿಸುತ್ತೇವೆಯೇ?

ಮೊದಲು ಕರಡು ತಿದ್ದಿ, ಆಮೇಲೆ ಅಕ್ಷರಗಳನ್ನು ‘ಕರ್ವ್’ ಮಾಡಿ ಕಳಿಸಿ. ಆಗ ಅವು ಬರಿಯ ಚಿತ್ರ. ಫಾಂಟಿನ ಹಂಗಿಲ್ಲ, ತಿದ್ದಲೂ ಬಾರದು. ಮೂಲಪ್ರತಿ ಕೈಯಲ್ಲಿರಲಿ.

ನಮ್ಮ ಮಕ್ಕಳು ಇಲ್ಲಿ ಕನ್ನಡ ಕಾಣುವುದೇ ಆ ಬ್ಯಾನರಿನಲ್ಲಿ. ಅಭಿಮಾನ ಭಾಷಣದಲ್ಲಿ ಸಾಲದು, ಫೈಲಿನಲ್ಲೂ ಇರಲಿ.