ಕಲ್ಲಿಗೆ ಕಾವಲುಂಟು, ನೆನಪಿಗೆ?

ವಿರೂಪಾಕ್ಷನ ಗೋಪುರ ದಾಟಿ ಎದುರು ಬಸವಣ್ಣನ ಕಡೆ ನಡೆದರೆ ಹಂಪಿ ಬಜಾರಿನ ಎರಡೂ ಬದಿಗೆ ಕಲ್ಲುಮಂಟಪಗಳ ಸಾಲು. ಈಗ ಅಲ್ಲಿ ಗಾಳಿಯದೇ ವಾಸ. 2011ರ ಜುಲೈವರೆಗೆ ಅದೇ ಕಂಬಗಳ ನಡುವೆ ಒಲೆ ಉರಿಯುತ್ತಿತ್ತು, ಅಂಗಡಿ ತೆರೆಯುತ್ತಿತ್ತು, ಮಕ್ಕಳು ಪಾಠ ಓದುತ್ತಿದ್ದವು. ಆ ತಿಂಗಳ 29ರಂದು ಸ್ಮಾರಕ ಉಳಿಸಲೆಂದು ಜೆಸಿಬಿಗಳು ಬಂದವು. ನೂರಾರು ಕುಟುಂಬಗಳು ಬೀದಿ ಬಿಟ್ಟವು. ಅವರಿಗೆ ಹೊಸ ನೆಲೆಯೆಂದು ತೋರಿಸಿದ್ದು ಕಡ್ಡಿರಾಂಪುರದ ಜಾಗ.

ಈ ಬೀದಿಯಲ್ಲಿ ನಿಂತಾಗಲೆಲ್ಲ ನನಗೆ ಆಸ್ಟ್ರೇಲಿಯಾದ ಒಂದು ರಾಕ್ ತಂಡ ನೆನಪಾಗುತ್ತದೆ. ಎಂಬತ್ತರ ದಶಕದಲ್ಲಿ ಆ ದೇಶದ ಮೆನ್ ಅಟ್ ವರ್ಕ್, ಐಎನ್‌ಎಕ್ಸ್‌ಎಸ್ ತಂಡಗಳು ಜಗತ್ತನ್ನೇ ಕುಣಿಸಿದವು. ಮಿಡ್‌ನೈಟ್ ಆಯಿಲ್ ಕೂಡ ಕುಣಿಸಿತು, ಆದರೆ ಕುಣಿತದ ನಡುವೆಯೇ ತೀರಿಸದ ಸಾಲವೊಂದನ್ನು ನೆನಪಿಸಿತು. ಮರುಭೂಮಿಯ ಪಿಂಟುಪಿ ಜನರನ್ನು ಐವತ್ತು–ಅರವತ್ತರ ದಶಕಗಳಲ್ಲಿ ಸರ್ಕಾರ ಅವರ ನೆಲದಿಂದ ದೂರದ ವಸಾಹತುಗಳಿಗೆ ಸಾಗಿಸಿತ್ತು. 1986ರಲ್ಲಿ ಈ ತಂಡ ಮೂಲನಿವಾಸಿಗಳ ಹಟ್ಟಿಗಳಿಗೇ ಹೋಗಿ ಹಾಡಿತು. ಅಲ್ಲಿ ಕಂಡದ್ದರಿಂದ ಮರುವರ್ಷ ‘ಡೀಸೆಲ್ ಅಂಡ್ ಡಸ್ಟ್’ ಆಲ್ಬಮ್ ಹುಟ್ಟಿತು. ನೆಲ ಅವರದು, ಹಿಂದಿರುಗಿಸಿ ಎಂಬ ಮಾತು ಅದರ ‘ಬೆಡ್ಸ್ ಆರ್ ಬರ್ನಿಂಗ್’ ಹಾಡಿನ ಮೂಲಕ ದೇಶದೇಶಗಳ ರೇಡಿಯೋಗಳಲ್ಲಿ ಮೊಳಗಿತು.

ಹಾಡಿನಿಂದ ಏನಾಗುತ್ತದೆ? ಕೇಳಿದವರು ಕುಣಿದು ಮನೆಗೆ ಹೋಗುತ್ತಾರೆ, ನೆಲ ಕೊಡಿಸುವುದು ಕಾನೂನು ಎನ್ನುವವರಿದ್ದಾರೆ. ಇದು ತಳ್ಳಿಹಾಕುವ ಮಾತಲ್ಲ. ಆದರೆ ಕಾನೂನು ಬದಲಾಗುವ ಮೊದಲು ಆ ಸಂಗತಿ ಎಲ್ಲರ ಕಿವಿಗೂ ಬಿದ್ದಿರಬೇಕು. 2000ದ ಸಿಡ್ನಿ ಒಲಿಂಪಿಕ್ಸ್ ಮುಕ್ತಾಯದಂದು ಇದೇ ತಂಡ ‘ಕ್ಷಮಿಸಿ’ ಎಂದು ಬರೆದ ಕಪ್ಪು ಉಡುಪು ತೊಟ್ಟು ಇದೇ ಹಾಡನ್ನು ಹಾಡಿತು. ಮೂಲನಿವಾಸಿಗಳ ಕ್ಷಮೆ ಕೇಳಲು ಒಪ್ಪದ ಪ್ರಧಾನಿ ಅಂದು ಆ ದೇಶವನ್ನು ಆಳುತ್ತಿದ್ದರು. 2008ರ ಫೆಬ್ರವರಿ 13ರಂದು ಆ ಸಂಸತ್ತು ಮೂಲನಿವಾಸಿಗಳ ಕ್ಷಮೆ ಕೇಳಿದಾಗ ಈ ತಂಡದ ಗಾಯಕ ಪೀಟರ್ ಗ್ಯಾರೆಟ್ ಪರಂಪರೆಯ ಖಾತೆ ಹೊತ್ತ ಮಂತ್ರಿಯಾಗಿದ್ದರು. ಕ್ಷಮೆಯನ್ನು ಹಾಡೇ ತಂದಿತು ಎನ್ನಲಾರೆ. ಮರೆಯಲು ಬಿಡಲಿಲ್ಲ ಎನ್ನಬಲ್ಲೆ.

ಬಿಳಿಯರು ಪರರ ನೋವು ಹಾಡಬಹುದೇ ಎಂಬ ಪ್ರಶ್ನೆಯೂ ಎದ್ದಿತು. ಅದಕ್ಕೆ ಉತ್ತರ ಮೊದಲೇ ಇತ್ತು: 1983ರಲ್ಲೇ ಮೂಲನಿವಾಸಿಗಳೇ ಹೆಚ್ಚಿದ್ದ ವರುಂಪಿ ಬ್ಯಾಂಡ್ ಅವರ ಲುರಿಚಾ ನುಡಿಯಲ್ಲಿ ರಾಕ್ ಹಾಡು ಹೊರತಂದಿತ್ತು. 1986ರ ಆ ತಿರುಗಾಟದಲ್ಲಿ ಎರಡೂ ತಂಡಗಳು ಜೊತೆಗಿದ್ದವು. ನೊಂದವರೇ ಹಾಡಬೇಕು, ಉಳಿದವರು ಪಕ್ಕದಲ್ಲಿ ನಿಲ್ಲಬೇಕು.

ಹಂಪಿಯ ಕತೆ ಅದೇ ಅಲ್ಲ. ಬಜಾರಿನವರು ಸಾವಿರಾರು ವರ್ಷಗಳಿಂದ ಅಲ್ಲಿದ್ದವರಲ್ಲ. ಸ್ಮಾರಕವನ್ನು ಗೋಡೆ ಕಟ್ಟಿ ಮುಚ್ಚಿದ್ದೂ ನಿಜ. 1986ರಲ್ಲಿ ವಿಶ್ವ ಪರಂಪರೆಯ ಪಟ್ಟಿ ಸೇರಿದ ತಾಣ ಕಾಪಾಡಬೇಕಾದದ್ದೇ. ಆದರೆ ಬಜಾರು ಎಂದರೆ ಕಂಬವಷ್ಟೇ ಅಲ್ಲ, ಕಂಬದ ಕೆಳಗಿನ ವ್ಯಾಪಾರ, ಕೂಗು, ಬದುಕು. ಕಲ್ಲನ್ನು ಉಳಿಸಿ ಆ ಬದುಕಿನ ನೆನಪನ್ನೂ ಅಳಿಸಿದರೆ ನಾವು ಕಾಪಾಡಿದ್ದು ಅರ್ಧ ಮಾತ್ರ.

ಈ ಸೀಮೆಗೆ ಹಾಡಿನ ಬಲ ಹೊಸದಲ್ಲ. ಸಂಡೂರು ತಾಲ್ಲೂಕಿನ ದರೋಜಿಯ ಈರಮ್ಮ ಅಲೆಮಾರಿ ಬುಡ್ಗ ಜಂಗಮರ ಮಗಳು. ಅಕ್ಷರ ಕಲಿತವರಲ್ಲ. ತಂಬೂರಿ ಹಿಡಿದರೆ ಕುಮಾರರಾಮನ ಕತೆಯನ್ನು ರಾತ್ರಿಗಟ್ಟಲೆ ಹಾಡುತ್ತಿದ್ದರು. ಕಂಪ್ಲಿಯ ಆ ವೀರ ಜನರ ಬಾಯಲ್ಲಿ ಉಳಿದದ್ದು ಇಂಥ ಕೊರಳುಗಳಿಂದ. ಹಂಪಿಯ ಕನ್ನಡ ವಿಶ್ವವಿದ್ಯಾಲಯ ಅವರಿಗೆ ನಾಡೋಜ ಗೌರವ ನೀಡಿತು. 2014ರಲ್ಲಿ ಅವರು ತೀರಿಕೊಂಡರು. ತುಂಡು ನೆಲವಿಲ್ಲದ ಸಮುದಾಯ ಇಡೀ ಸೀಮೆಯ ನೆನಪನ್ನು ಹೊತ್ತು ತಿರುಗಿತು.

ಬಜಾರು ಬಿಟ್ಟವರ ಹಾಡನ್ನು ನಾನಿನ್ನೂ ಕೇಳಿಲ್ಲ. ಹಂಪಿ ಉತ್ಸವದಲ್ಲಿ ಎದುರು ಬಸವಣ್ಣನ ಬಳಿಯೂ ವೇದಿಕೆ ಏಳುತ್ತದೆ. ಅದು ನಿಲ್ಲುವುದು ಅವರದೇ ಬೀದಿಯ ತುದಿಯಲ್ಲಿ. ಅಲ್ಲಿ ಸಾಮ್ರಾಜ್ಯದ ವೈಭವವನ್ನು ಹಾಡಲಿ, ಬೇಡವೆನ್ನುವುದಿಲ್ಲ. ಒಂದು ಸಂಜೆಯನ್ನು ಮಾತ್ರ ಕಡ್ಡಿರಾಂಪುರದವರಿಗೆ ಬಿಟ್ಟುಕೊಡಿ. ಅವರು ಹಾಡಲಿ, ನಾವು ಕೂತು ಕೇಳೋಣ.